ಮನೆ ಬಿಲ್‌ಗೆಂದು ಸದಸ್ಯರು ಹಣ ಕೇಳಿದರೆ ಏಳು ದಿನದ ಲೆಕ್ಕ ಮರೆಯಬೇಡಿ

ಪಂಚಾಯಿತಿಯಿಂದ ನಿಮಗೆ ಮನೆ ಬಂದಿದೆ ಎಂದು ಸದಸ್ಯರೊಬ್ಬರು ಬಾಗಿಲಿಗೇ ಬಂದು ಹೇಳಿ, ಕಾಫಿ ಲೋಟ ಕೆಳಗಿಡುವ ಮೊದಲೇ "ಸ್ವಲ್ಪ ಖರ್ಚು ಇರುತ್ತದೆ" ಎಂದರೆ ದಯವಿಟ್ಟು ಹಣ ತೆಗೆಯಬೇಡಿ. ನಾವು ತೆಗೆದುಕೊಟ್ಟೆವು. ಕೊಟ್ಟ ಮೇಲೆ ಏನೇನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನಾಗಲಿ ಆ ಸದಸ್ಯನ ಹೆಸರನ್ನಾಗಲಿ ಹೇಳುವುದಿಲ್ಲ. ನಮ್ಮ ದೂರು ಇನ್ನೂ ವಿಚಾರಣೆಯಲ್ಲಿದೆ. ಅಲ್ಲದೆ ಇದು ಒಂದು ಊರಿನ ಕಥೆಯಲ್ಲ ಎಂಬುದು ನಿಮಗೂ ಗೊತ್ತಿದೆ.

ಎರಡು ಮಳೆಗಾಲದ ಹಿಂದೆ ನಮ್ಮ ಹಳೆಯ ಮಣ್ಣಿನ ಮನೆಯ ಅಡುಗೆ ಕೋಣೆಯ ಗೋಡೆ ಕುಸಿದು ಬಿತ್ತು. ಊರಿನಲ್ಲಿ ಅಮ್ಮ ಒಬ್ಬಳೇ ಇರುವುದು. ನನಗೆ ಪಟ್ಟಣದಲ್ಲಿ ಕೆಲಸ. ಬಸವ ವಸತಿ ಯೋಜನೆಗೆ ಅಮ್ಮನ ಹೆಸರಿನಲ್ಲಿ ಅರ್ಜಿ ಕೊಟ್ಟೆವು. ನಮ್ಮ ವಾರ್ಡಿನ ಸದಸ್ಯ ನನ್ನದೇ ಓರಗೆಯವನು, ಒಂದೇ ಶಾಲೆಯಲ್ಲಿ ಓದಿದವನು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಜನ ಮುಖ ನೋಡಿ ಮತ ಹಾಕುತ್ತಾರೆ. ಕೆಲಸಕ್ಕೆ ರಜೆ ಹಾಕಿ ಮನೆಮನೆ ತಿರುಗಿ ಆ ಮುಖಕ್ಕೆ ಜಾಮೀನು ನಿಂತವನು ನಾನು. ಹಣ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಒಂದು ಸಂಜೆ ಅವನು ಬಂದು ಜಗಲಿಯ ಮೇಲೆ ಕುಳಿತ. "ಅತ್ತೆ, ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಲು ಎಷ್ಟು ಜನರ ಕೈಕಾಲು ಹಿಡಿದೆ ಗೊತ್ತೇ? ಮೇಲಿನವರಿಗೂ ಮುಟ್ಟಿಸಬೇಕು. 20 ಸಾವಿರ ಹೊಂದಿಸಿ. ಇಲ್ಲದಿದ್ದರೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ" ಎಂದ. ಅಮ್ಮ ನನಗೆ ಫೋನ್ ಮಾಡಿದಳು. ಕೊಡೋಣ ಎಂದು ಹೇಳಿದ್ದು ನಾನೇ. ಕಿವಿಯ ಓಲೆಗಳನ್ನು ಗಿರವಿ ಇಟ್ಟು ಅಮ್ಮ ಹಣ ತಂದಳು.

ಹಣ ಕೊಡುವಾಗ ನಾನೂ ಅಲ್ಲಿದ್ದೆ. ಅವನು ನೋಟುಗಳನ್ನು ಮುಟ್ಟಲೇ ಇಲ್ಲ. ಪಡಿತರ ಚೀಟಿ ಮತ್ತು ಆಧಾರ್‌ನ ನಕಲು ಪ್ರತಿಗಳಿದ್ದ ಪ್ಲಾಸ್ಟಿಕ್ ಕವರನ್ನು ಮುಂದೆ ಚಾಚಿ, "ಇದರೊಳಗೇ ಇಡಿ, ದಾಖಲೆ ಕೊಟ್ಟ ಹಾಗಿರುತ್ತದೆ" ಎಂದ. ಅಮ್ಮ ಇಟ್ಟಳು. ಅವನು ಕವರಿನ ಬಾಯಿ ಮಡಿಸಿ ಸ್ಕೂಟರಿನ ಸೀಟಿನ ಕೆಳಗೆ ಸೇರಿಸಿದ. ನಾಚಿಕೆಗೆ ಕೈ ಹಿಂದೆಗೆಯುತ್ತಿದ್ದಾನೆ ಎಂದು ಅಂದುಕೊಂಡಿದ್ದೆ. ಅದು ಅಭ್ಯಾಸವಾದ ಕೈ ಎಂದು ಗೊತ್ತಾಗಿದ್ದು ಆಮೇಲೆ.

ಮನೆಗೆ ಆದೇಶ ಬಂತು. ಈ ಯೋಜನೆಗಳಲ್ಲಿ ಮೊದಲೇ ಹಣ ಕೊಡುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಒಂದೊಂದು ಹಂತ ಮುಗಿದಾಗಲೂ ಜಿಪಿಎಸ್ ಫೋಟೊ ತೆಗೆಯಬೇಕು. ಅದು ಅಪ್‌ಲೋಡ್ ಆಗಿ ಒಪ್ಪಿಗೆಯಾದ ಮೇಲೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ ಕಂತು ನೇರವಾಗಿ ಫಲಾನುಭವಿಯ ಖಾತೆಗೆ ಬೀಳುತ್ತದೆ. ಹಣ ಖಾತೆಗೇ ಬರುತ್ತದಲ್ಲ, ನಡುವೆ ಯಾರು ತಿನ್ನಲು ಸಾಧ್ಯ ಎಂದು ನಾನೂ ನಂಬಿದ್ದೆ. ಆದರೆ ಫೋಟೊ ಅಪ್‌ಲೋಡ್ ಆಗದಿದ್ದರೆ ಖಾತೆಗೆ ಏನೂ ಬರುವುದಿಲ್ಲ. ಬಾಗಿಲು ಅಲ್ಲಿದೆ, ಕಾವಲು ನಿಂತವರೂ ಅಲ್ಲೇ ಇದ್ದಾರೆ.

ಹಳೆಯ ಮನೆಯನ್ನು ಕೆಡವಿ, ಸಾಲ ತಂದು ತಳಪಾಯ ಹಾಕಿಸಿದೆವು. ಪಂಚಾಯಿತಿ ಕಚೇರಿಯವರೊಬ್ಬರು ಮೊಬೈಲ್ ಹಿಡಿದು ಬಂದರು. ಅಮ್ಮ ಹಬ್ಬಕ್ಕೆ ಉಡುವ ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು, ಕಲ್ಲಿನ ತಳಪಾಯದ ಮುಂದೆ ನಿಂತಳು. "ಸ್ವಲ್ಪ ಎಡಕ್ಕೆ ಬನ್ನಿ, ಕಲ್ಲು ಕಾಣಲಿ" ಎಂದು ಎರಡು ಸಲ ಸರಿಸಿ ಫೋಟೊ ತೆಗೆದುಕೊಂಡು ಹೋದರು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು, ಬಿಲ್, ಅಂದರೆ ಕಂತಿನ ಹಣ, ಬರಲಿಲ್ಲ. ಕೇಳಲು ಹೋದರೆ "ಸದಸ್ಯರು ಒಂದು ಮಾತು ಹೇಳಲಿ" ಎಂಬ ಉತ್ತರ. ಸದಸ್ಯನನ್ನು ಕೇಳಿದರೆ "ಇನ್ನು 15 ಸಾವಿರ ಇದೆಯಲ್ಲ, ಗೊತ್ತಿಲ್ಲವೇ?" ಎಂದ.

ಸಮಯ ನೋಡಿ ಕೇಳುತ್ತಾರೆ, ಇದನ್ನು ಗಮನಿಸಿ. ಹಳೆಯ ಮನೆ ನಿಂತಿರುವಾಗ ನೀವು ಬೇಡ ಎನ್ನಬಹುದು. ಅದನ್ನು ಕೆಡವಿದ ಮೇಲೆ, ಸಾಲಕ್ಕೆ ಬಡ್ಡಿ ಓಡುತ್ತಿರುವಾಗ, ತಾಯಿ ಟಾರ್ಪಾಲಿನ ಕೆಳಗೆ ಮಲಗುತ್ತಿರುವಾಗ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಮೊದಲ ಸಲ ಕೊಟ್ಟವರು ಎರಡನೆಯ ಸಲವೂ ಕೊಟ್ಟೇ ಕೊಡುತ್ತಾರೆ ಎಂಬುದು ಅವರಿಗೆ ಗೊತ್ತು.

ನಾನು ಲೋಕಾಯುಕ್ತ ಪೊಲೀಸರ ಬಳಿ ಹೋದೆ. ನಡುವೆ ಕೆಲವು ವರ್ಷ ಲಂಚದ ದೂರುಗಳ ತನಿಖೆ 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳದ ಕೈಯಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ ಮೇಲೆ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ. ಅಲ್ಲಿನ ಅಧಿಕಾರಿ ನನ್ನ ಮಾತನ್ನು ತಾಳ್ಮೆಯಿಂದ ಕೇಳಿ, ಒಂದೇ ಪ್ರಶ್ನೆ ಹಾಕಿದರು: "ಮೊದಲ ಹಣ ಕೊಟ್ಟು ಎಷ್ಟು ದಿನವಾಯಿತು?" ಆರು ತಿಂಗಳ ಮೇಲಾಗಿದೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿದೆ. ಅದರ 8ನೇ ಸೆಕ್ಷನ್ ಪ್ರಕಾರ ಲಂಚ ಕೊಡುವುದೂ ಅಪರಾಧ. ಏಳು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ಕಾನೂನು ಒಂದು ದಾರಿ ಬಿಟ್ಟಿದೆ: ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರು ತಪ್ಪಿತಸ್ಥರಲ್ಲ. ಇನ್ನೂ ಕೊಟ್ಟಿಲ್ಲ, ಬೇಡಿಕೆ ಮಾತ್ರ ಬಂದಿದೆ ಎಂದರೆ ಮೊದಲೇ ಹೋಗಿ ಹೇಳಿ, ತನಿಖೆಯವರಿಗೆ ನೆರವಾಗಲೆಂದು ಕೊಟ್ಟರೂ ನೀವು ತಪ್ಪಿತಸ್ಥರಲ್ಲ. ಆರು ತಿಂಗಳು ಬಾಯಿ ಮುಚ್ಚಿಕೊಂಡು ಕುಳಿತವರಿಗೆ ಆ ರಕ್ಷಣೆ ಇಲ್ಲ. ನಮ್ಮ ಮೌನವೇ ಅವನಿಗೆ ಬೇಲಿಯಾಗಿತ್ತು.

ಎರಡನೆಯ ಬೇಡಿಕೆಯ ಬಗ್ಗೆ ದೂರು ಕೊಡಿ ಎಂದು ಅಧಿಕಾರಿ ಹೇಳಿದರು, ಬಲೆ ಹೇಗೆ ಬೀಸುತ್ತಾರೆ ಎಂಬುದನ್ನೂ ವಿವರಿಸಿದರು. ಮೊದಲು ಬೇಡಿಕೆ ನಿಜವೇ ಎಂದು ಧ್ವನಿಮುದ್ರಣ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಸ್ವತಂತ್ರ ಸಾಕ್ಷಿಗಳ ಎದುರಿನಲ್ಲಿ ನೋಟುಗಳ ನಂಬರ್ ಬರೆದುಕೊಳ್ಳುತ್ತಾರೆ, ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಅದು ಬಿಳಿ ಪುಡಿ, ನೋಟಿನ ಮೇಲೆ ಸವರಿದರೆ ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಹಣ ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕೇಳುತ್ತಿರುವಾಗ ನನಗೆ ಆ ಪ್ಲಾಸ್ಟಿಕ್ ಕವರು ನೆನಪಾಯಿತು.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಅಮ್ಮನನ್ನು ಕೇಳಿ ಬರುತ್ತೇನೆ ಎಂದು ಊರಿಗೆ ಹೊರಟೆ. "ಬೇಡ ಮಗನೇ, ಈ ಊರಿನಲ್ಲೇ ನಾನು ಬಾಳಬೇಕು" ಎಂದು ಅಮ್ಮ ಅತ್ತಳು. ಅವಳನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಇಬ್ಬರು ಆಪ್ತರ ಬಳಿ ವಿಷಯ ಹೇಳಿಕೊಂಡಿದ್ದೆ. ಊರಿನಲ್ಲಿ ಮಾತು ಗೋಡೆ ಹಾರುತ್ತದೆ. ಆಮೇಲೆ ಅವನ ಬಾಯಿಂದ ಹಣ ಎಂಬ ಶಬ್ದವೇ ಬರಲಿಲ್ಲ. ಫೋನ್ ಮಾಡಿದರೆ "ಏನು ಬಿಲ್? ಕಚೇರಿಯಲ್ಲಿ ಕೇಳಿ" ಎನ್ನುತ್ತಿದ್ದ. ಬೇಡಿಕೆ ಖಚಿತವಾಗದೆ ಬಲೆ ಬೀಸಲು ಆಗುವುದಿಲ್ಲ. ಲೋಕಾಯುಕ್ತಕ್ಕೆ ಹೋಗುವುದಾದರೆ ಯಾರಿಗೂ ಹೇಳದೆ ಹೋಗಿ, ಹೋದ ದಿನವೇ ದೂರು ಬರೆದುಕೊಟ್ಟು ಬನ್ನಿ.

ಅವನು ಮನೆಯ ಹತ್ತಿರ ಬಂದು ಒಂದು ಮಾತು ಹೇಳಿ ಹೋದ: "ಕೊಟ್ಟವರಿಗೂ ಏಳು ವರ್ಷ ಇದೆ, ನಿಮ್ಮ ತಾಯಿಯನ್ನು ಯೋಚಿಸು. ನಾನು ಗೆದ್ದು ಬಂದವನು, ಸರ್ಕಾರಿ ನೌಕರನಲ್ಲ, ನನ್ನನ್ನು ಯಾರೂ ಏನೂ ಮಾಡುವುದಿಲ್ಲ." ಮೊದಲರ್ಧ ನಿಜ, ಉಳಿದದ್ದು ಸುಳ್ಳು. ಚುನಾವಣೆಯಲ್ಲಿ ಗೆದ್ದವನೂ ಈ ಕಾಯ್ದೆಯ ಕಣ್ಣಿನಲ್ಲಿ ಸಾರ್ವಜನಿಕ ನೌಕರನೇ. ಲಂಚ ತೆಗೆದುಕೊಂಡದ್ದು ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಶಿಕ್ಷೆ. ಶಾಸನಸಭೆಯಲ್ಲಿ ಮತ ಹಾಕಲು, ಮಾತನಾಡಲು ಲಂಚ ಪಡೆದ ಶಾಸಕರಿಗೂ ಸಂಸದರಿಗೂ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ, ಸೀತಾ ಸೊರೇನ್ ಪ್ರಕರಣದಲ್ಲಿ, 1998ರ ತನ್ನದೇ ಹಳೆಯ ತೀರ್ಪನ್ನು ಬದಿಗೆ ಸರಿಸಿ ಹೇಳಿದೆ. ಅಲ್ಲಿಯೇ ಇಲ್ಲದ ರಕ್ಷೆ ವಾರ್ಡ್ ಸದಸ್ಯನಿಗೆ ಎಲ್ಲಿಂದ ಬರಬೇಕು? ಗೆದ್ದವರನ್ನು ಮುಟ್ಟುವಂತಿಲ್ಲ ಎಂಬ ಈ ಮಾತನ್ನು ಹಳ್ಳಿಗಳಲ್ಲಿ ಬೇಕೆಂದೇ ಬಿತ್ತುತ್ತಾರೆ. ನಂಬಬೇಡಿ.

ಕೊನೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮಸಭೆಯ ನಡಾವಳಿಯ ಪ್ರತಿ ಕೇಳಿದೆ. (ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸಬಹುದು.) ಉತ್ತರ ಕೊಡಲು 30 ದಿನ ಇದೆ, 29ನೆಯ ದಿನ ಪ್ರತಿ ಸಿಕ್ಕಿತು. ಪಟ್ಟಿಯಲ್ಲಿ ಅಮ್ಮನ ಹೆಸರು ನಾಲ್ಕನೆಯದು. ಮೇಲಿದ್ದ ದಿನಾಂಕ ನೋಡಿ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವನು ನಮ್ಮ ಜಗಲಿಗೆ ಬಂದು ಹಣ ಕೇಳುವುದಕ್ಕೆ ಐದು ವಾರ ಮೊದಲೇ ಸಭೆಯಲ್ಲಿ ಅಮ್ಮನ ಹೆಸರು ಆಯ್ಕೆಯಾಗಿ ಮುಗಿದಿತ್ತು. ಯಾರ ಕಾಲನ್ನೂ ಅವನು ಹಿಡಿದಿರಲಿಲ್ಲ. ನಮ್ಮದಾಗಿದ್ದ ಮನೆಯನ್ನೇ ನಮಗೆ ಮಾರಿದ್ದ.

ನಾವು ಗ್ರಾಮಸಭೆಗೆ ಹೋಗಿರಲಿಲ್ಲ. ಹೋಗಿದ್ದರೆ ಅಮ್ಮ ತನ್ನ ಹೆಸರನ್ನು ತನ್ನ ಕಿವಿಯಿಂದಲೇ ಕೇಳುತ್ತಿದ್ದಳು. ವಸತಿ ಯೋಜನೆಗೆ ಯಾರು ಅರ್ಹರು ಎಂಬುದು ತೀರ್ಮಾನವಾಗಬೇಕಾದದ್ದು ಆ ಸಭೆಯಲ್ಲಿ, ಸದಸ್ಯನ ಮನೆಯ ಜಗಲಿಯಲ್ಲಲ್ಲ. ಡಂಗುರ ಕೇಳಿದರೂ ಕೆಲಸ ಬಿಟ್ಟು ಯಾರು ಹೋಗುತ್ತಾರೆ ಎಂದು ಸುಮ್ಮನಾಗುತ್ತೇವೆ, ಹಾಜರಾತಿ ಪುಸ್ತಕದಲ್ಲಿ ಮಾತ್ರ ಸಹಿಗಳು ತುಂಬಿರುತ್ತವೆ. ಆ ನಡಾವಳಿಯಲ್ಲಿ ಅಮ್ಮನ ಹೆಸರಿನ ಮುಂದೆಯೂ ಒಂದು ಹೆಬ್ಬೆಟ್ಟಿನ ಗುರುತಿತ್ತು. ಅಮ್ಮನಿಗೆ ಸಹಿ ಮಾಡಲು ಬರುತ್ತದೆ.

ನಡಾವಳಿಯ ಪ್ರತಿಯನ್ನು ಲಗತ್ತಿಸಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೂ ರಿಜಿಸ್ಟರ್ ಅಂಚೆಯಲ್ಲಿ ದೂರು ಕಳಿಸಿದೆ. ಹತ್ತು ದಿನದಲ್ಲಿ ಫೋಟೊ ಅಪ್‌ಲೋಡ್ ಆಯಿತು, ತಳಪಾಯದ ಬಿಲ್ ಬಂತು. 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 43-ಎ ಪ್ರಕರಣದಲ್ಲಿ ದುರ್ನಡತೆ ತೋರಿದ ಸದಸ್ಯನನ್ನು ತೆಗೆದುಹಾಕುವ ಅಧಿಕಾರ ಸರ್ಕಾರಕ್ಕಿದೆ. ಅದನ್ನೂ ಕೇಳಿದ್ದೇನೆ, ವಿಚಾರಣೆಯ ನೋಟಿಸ್ ಬಂದಿದೆ. ನಾವು 20 ಸಾವಿರ ಕೊಟ್ಟದ್ದನ್ನು ದೂರಿನಲ್ಲಿ ಮುಚ್ಚಿಟ್ಟಿಲ್ಲ. ಹಣ ಹೊಂದಿಸಿ ಕೊಡಲು ಹೇಳಿದ್ದು ನಾನು ಎಂದು ಬರೆದು ಸಹಿ ಮಾಡಿದ್ದೇನೆ. ಏನು ಬಂದರೂ ಅದು ಅಮ್ಮನ ಮೇಲೆ ಬರಬಾರದು.

ಓಲೆಗಳು ಹೋದವು. ಬಡ್ಡಿ ಕಟ್ಟಲಾಗದೆ ಗಡುವು ಮೀರಿತು, ಗಿರವಿ ಅಂಗಡಿಯವರು ಹರಾಜು ಹಾಕಿದರು. ತೂತು ಮುಚ್ಚಿಹೋಗಬಾರದೆಂದು ಅಮ್ಮ ಎರಡೂ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ.

ಕಳೆದ ವಾರ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳಿಗೂ ಮನೆ ಬಂದಿದೆ, ಅವಳ ಬಳಿಯೂ ಹಣ ಕೇಳಿದ್ದಾರೆ. ಭಾನುವಾರ ಐದು ಸಾವಿರ ಕೊಟ್ಟಾಗಿದೆಯಂತೆ. ಅಮ್ಮ ಒಳಗಿನಿಂದ ಕ್ಯಾಲೆಂಡರ್ ತಂದು ಅವಳ ಮುಂದೆ ಹಿಡಿದು, ಭಾನುವಾರದಿಂದ ಬೆರಳಿಟ್ಟು ಎಣಿಸಿದಳು. ನಾಲ್ಕು ದಿನವಾಗಿತ್ತು. ಮರುದಿನ ಮೊದಲ ಬಸ್ಸಿಗೆ ನಾವು ಮೂವರೂ ಹೊರಟೆವು.