ಕತ್ತಲೆಗೆ ಕೊಟ್ಟ 240 ರೂಪಾಯಿ

ಏಪ್ರಿಲ್ ರಜೆಯಲ್ಲಿ ಒಂಬತ್ತು ವರ್ಷದ ಮಗಳ ಕಾಟಕ್ಕೆ ಮಣಿದು '65' ಸಿನಿಮಾವನ್ನು ಆ್ಯಪ್ ಒಂದರಲ್ಲಿ 120 ರೂಪಾಯಿ ಬಾಡಿಗೆಗೆ ತೆಗೆದುಕೊಂಡೆ. ಕಪಾಟಿನಲ್ಲಿ 1993ರ 'ಜುರಾಸಿಕ್ ಪಾರ್ಕ್' ಡಿವಿಡಿ ಇತ್ತು. ಊರಿನ ಸಿ.ಡಿ. ಅಂಗಡಿ ಬಾಗಿಲು ಹಾಕುವಾಗ ರಾಶಿಯಿಂದ ಆರಿಸಿ ತಂದದ್ದು. "ಅದು ನೀನು ಚಿಕ್ಕವಳಿದ್ದಾಗಿನ ಸಿನಿಮಾ" ಎಂದು ಮಗಳು ಮೂಗು ಮುರಿದಿದ್ದಳು. ಮೂರೇ ದಿನದಲ್ಲಿ ಅದೇ ಡಿವಿಡಿ ಮನೆಯ ಮಾನ ಉಳಿಸಿತು. ಆದ್ದರಿಂದ ಮುಂದೆ ಬರುವುದನ್ನು ನ್ಯಾಯಾಧೀಶರ ತೀರ್ಪು ಎಂದುಕೊಳ್ಳಬೇಡಿ. ನಾನು ಯಾವ ಪಕ್ಷ ಎಂದು ಮೊದಲೇ ಹೇಳಿದ್ದೇನೆ.

'65' ಆರಿಸಿದ್ದಕ್ಕೆ ಕಾರಣವೇನೂ ಕೆಟ್ಟದಾಗಿರಲಿಲ್ಲ. ಒಂದೂವರೆ ಗಂಟೆ ಮತ್ತು ಮೂರು ನಿಮಿಷ, ಅಷ್ಟೇ. ಊಟಕ್ಕೆ ಮುಂಚೆ ಮುಗಿಯುತ್ತದೆ. ಕಥೆಯ ಎಳೆಯೂ ಹೊಸದು: ಬೇರೊಂದು ಗ್ರಹದ ನೌಕಾ ಚಾಲಕ ಮಿಲ್ಸ್, ಕಾಯಿಲೆಯ ಮಗಳ ಚಿಕಿತ್ಸೆಗೆ ಹಣ ಬೇಕೆಂದು ಎರಡು ವರ್ಷದ ಯಾನ ಒಪ್ಪಿಕೊಳ್ಳುತ್ತಾನೆ. ದಾರಿಯಲ್ಲಿ ಕಲ್ಲುಬಂಡೆಗಳು ಬಡಿದು ನೌಕೆ ಎರಡು ತುಂಡಾಗಿ ಒಂದು ಗ್ರಹದ ಮೇಲೆ ಬೀಳುತ್ತದೆ. ಅದು ನಮ್ಮ ಭೂಮಿ, ಆದರೆ ಡೈನೋಸಾರ್‌ಗಳ ಕಾಲದ ಭೂಮಿ. ಬದುಕುಳಿದವರು ಅವನು ಮತ್ತು ಕೋವಾ ಎಂಬ ಹುಡುಗಿ. ಪಾರಾಗಲು ಬೇಕಾದ ಪುಟ್ಟ ನೌಕೆ ಬೆಟ್ಟದ ಮೇಲೆ ಬಿದ್ದಿದೆ. ನಡೆದೇ ಹೋಗಬೇಕು. ಮೇಲಿನಿಂದ ಕ್ಷುದ್ರಗ್ರಹ ಬೇರೆ ಬರುತ್ತಿದೆ.

ಇಷ್ಟು ಹೇಳಿದರೆ ಯಾರಾದರೂ ದುಡ್ಡು ಕೊಟ್ಟೇ ಕೊಡುತ್ತಾರೆ. ನಾನೂ ಕೊಟ್ಟೆ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಹಚ್ಚಿದೆವು. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಎಂದರೆ ಪರದೆ ಎಳೆದರೂ ಬಿಸಿಲು ಸಂದಿ ಹುಡುಕಿಕೊಂಡು ಒಳಗೆ ಬರುತ್ತದೆ. ನೌಕೆ ಬಿದ್ದದ್ದೇ ತಡ, ಟಿವಿಯಲ್ಲಿ ಕತ್ತಲೆ ಕವಿಯಿತು. ಮಂಜು, ದಟ್ಟ ಮರ, ನೌಕೆಯ ಮುರಿದ ಹೊಟ್ಟೆ, ಆಮೇಲೆ ಗುಹೆ. ಎಲ್ಲವೂ ಕೆಸರಿನ ಬಣ್ಣ. ಏನೋ ಗುರುಗುಟ್ಟುತ್ತದೆ, ನಾಯಕ ಬಂದೂಕು ಎತ್ತುತ್ತಾನೆ, ಯಾವುದೋ ಬಾಲ ಸರಿದು ಹೋಗುತ್ತದೆ. ನಡುವೆ ಸ್ಪಷ್ಟವಾಗಿ ಕಂಡದ್ದು ಮಾತ್ರ ನಮ್ಮ ಸೋಫಾ, ಸೋಫಾದ ಮೇಲೆ ಒಣಗಲು ಹಾಕಿದ್ದ ಟವೆಲ್, ಮತ್ತು ಬಾಯಿ ತೆರೆದು ಕುಳಿತ ನನ್ನ ಮುಖ. ಅತ್ತೆಯವರು ಅಡುಗೆಮನೆಯಿಂದ ಬಂದು ನಿಂತು ನೋಡಿ, "ಕರೆಂಟ್ ಹೋಯಿತೇನು?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಟಿವಿಯ ಬೆಳಕು ಹೆಚ್ಚಿಸಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂತು, ಡೈನೋಸಾರ್ ಬರಲಿಲ್ಲ. 'ಸಿನಿಮಾ' ಎಂಬ ಹೆಸರಿನ ಆಯ್ಕೆ ಒತ್ತಿದೆ, ಇನ್ನಷ್ಟು ಕತ್ತಲಾಯಿತು. ಕೊನೆಗೆ ಕಿಟಕಿಗೆ ಎರಡು ಚಾದರ ಕಟ್ಟಿದೆ. ಗಾಳಿ ನಿಂತು ಸೆಕೆ ತಡೆಯಲಾಗದೆ ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿ, ರಾತ್ರಿ ನೋಡೋಣ ಎಂದೆ. ರಾತ್ರಿ ಗಾಳಿ, ಗುಡುಗು, ಎರಡು ಹನಿ ಮಳೆ. ಈ ಸಲ ಕರೆಂಟ್ ನಿಜವಾಗಿಯೇ ಹೋಯಿತು. ಭಾನುವಾರ ಬೀಗರು ಬಂದರು. ಅವರೆದುರು ಡೈನೋಸಾರ್ ಹಚ್ಚುವ ಧೈರ್ಯ ನನಗಿಲ್ಲ.

ಇಲ್ಲಿ ಬಾಡಿಗೆಯ ಒಳಸುಳಿ ಹೇಳಲೇಬೇಕು. ಒಮ್ಮೆ ಆರಂಭಿಸಿದರೆ 48 ಗಂಟೆ ಮಾತ್ರ. ನಾನು ಅದನ್ನು ಓದಿರಲಿಲ್ಲ, ಓದುವಷ್ಟು ದೊಡ್ಡ ಅಕ್ಷರದಲ್ಲಿ ಅದು ಇರಲೂ ಇಲ್ಲ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಚಾದರ ಕಟ್ಟಿ, ಕೂಲರ್ ಎಳೆದು ತಂದು ಕುಳಿತೆವು. ಆಕಾಶದಲ್ಲಿ ಕ್ಷುದ್ರಗ್ರಹದ ಚೂರುಗಳು ಉರಿಯುತ್ತಿವೆ, ಕೊನೆಯ 13 ನಿಮಿಷ ಉಳಿದಿದೆ, ಅಷ್ಟರಲ್ಲಿ ಮೂರು ಗಂಟೆ ಹೊಡೆಯಿತು. ಪರದೆ ನಿಂತಿತು. ಬಾಡಿಗೆ ಅವಧಿ ಮುಗಿದಿದೆ ಎಂಬ ಸಾಲು ಬಂತು. ಆ ಎರಡು ದಿನದಲ್ಲಿ ಟಿವಿಯ ಮೇಲೆ ನಾನು ಸ್ಪಷ್ಟವಾಗಿ ಓದಿದ್ದು, ನೋಡಿದ್ದು ಅದೊಂದೇ ಸಾಲು. ಮಗಳು ಅಳಲಿಲ್ಲ. "ಡೈನೋಸಾರ್‌ಗಳು ಹೇಗೂ ಸಾಯುತ್ತವೆ, ನನಗೆ ಗೊತ್ತು" ಎಂದು ಎದ್ದು ಹೋದಳು. ಹಟಕ್ಕೆ ಬಿದ್ದು ಆ ರಾತ್ರಿ ಇನ್ನೊಂದು 120 ರೂಪಾಯಿ ಕೊಟ್ಟು ಉಳಿದದ್ದನ್ನು ನೋಡಿದವಳು ನಾನು. ಮನೆಯವರಿಗೆ ಇದನ್ನು ಇನ್ನೂ ಹೇಳಿಲ್ಲ.

ಮಂಗಳವಾರ ಡಿವಿಡಿ ಹೊರಗೆ ಬಂತು.

'ಜುರಾಸಿಕ್ ಪಾರ್ಕ್' ಸಿನಿಮಾದ ಹೆಸರಾಂತ ದೃಶ್ಯ ನಡೆಯುವುದೂ ರಾತ್ರಿಯೇ, ಸುರಿಯುವ ಮಳೆಯಲ್ಲಿ. ಆದರೂ ಚಾದರ ಕಟ್ಟದೆಯೇ ಪ್ರತಿಯೊಂದು ಹಲ್ಲೂ ಕಾಣುತ್ತದೆ. ಯಾಕೆಂದು ಎರಡನೇ ಸಲ ನೋಡುವಾಗ ಗಮನಿಸಿದೆ. ಬೆಳಕು ಕಥೆಯೊಳಗಿನಿಂದಲೇ ಬರುತ್ತದೆ: ಹುಡುಗಿ ಹೆದರಿ ಹಚ್ಚಿದ ಬ್ಯಾಟರಿ, ಕಾರಿನ ದೀಪ, ದೊಡ್ಡವರು ಎಸೆಯುವ ಉರಿಕೊಳ್ಳಿ. ಬೆಳಕು ಹಚ್ಚಿದ್ದೇ ತಪ್ಪಾಗಿ, ಟಿ. ರೆಕ್ಸ್ ಎಂಬ ದೈತ್ಯ ಡೈನೋಸಾರ್ ಬೆಳಕಿನ ಕಡೆಗೇ ಬರುತ್ತದೆ. ನೋಡುವವರಿಗೆ ಕಾಣಬೇಕೆಂಬ ಅಗತ್ಯವೇ ಪಾತ್ರಗಳಿಗೆ ಕಂಟಕವಾಗಿದೆ. ಪ್ರಾಣಿ ಬೇಲಿಯ ಯಾವ ಬದಿಗಿದೆ, ಕಾರು ಎಲ್ಲಿದೆ, ಮಕ್ಕಳು ಎಲ್ಲಿದ್ದಾರೆ ಎಂಬುದು ಒಂದು ಕ್ಷಣವೂ ಗೊಂದಲವಾಗುವುದಿಲ್ಲ. '65' ನೋಡುವಾಗ ನನಗೆ ಬೆಚ್ಚಿಬೀಳುವುದಷ್ಟೇ ಸಾಧ್ಯವಾಯಿತು. ಇಲ್ಲಿ ಹೆದರಿದೆ.

ಆ ಟಿ. ರೆಕ್ಸ್ ಬಹುಪಾಲು ನಿಜವಾದ ಗಾತ್ರದ ಯಂತ್ರ. ಮಳೆಯ ನೀರನ್ನು ಅದರ ಚರ್ಮ ಹೀರಿಕೊಂಡು ಭಾರವಾಗಿ ನಡುಗತೊಡಗಿದಾಗ ಕೆಲಸದವರು ಟವೆಲ್‌ಗಳಿಂದ ಒರೆಸುತ್ತಿದ್ದರಂತೆ. ಲೋಟದ ನೀರಿನಲ್ಲಿ ಏಳುವ ಉಂಗುರಕ್ಕೆ ಕೆಳಗಿನಿಂದ ಗಿಟಾರ್ ತಂತಿ ಮೀಟಿದ್ದರು. ಎರಡು ಗಂಟೆ ದಾಟಿದ ಸಿನಿಮಾದಲ್ಲಿ ಡೈನೋಸಾರ್‌ಗಳು ಕಾಣಿಸಿಕೊಳ್ಳುವುದು ಎಲ್ಲ ಸೇರಿ ಸುಮಾರು ಕಾಲು ಗಂಟೆ. ಮಗಳಿಗೆ ಇದನ್ನು ಹೇಳಿದರೆ ನಂಬಲಿಲ್ಲ.

ಅತ್ತೆಯವರಿಗೆ ಹಿಡಿಸಿದ್ದು ಅಡುಗೆಮನೆಯ ದೃಶ್ಯ. ಸ್ಟೀಲ್ ಕಟ್ಟೆಗಳ ನಡುವೆ ಅಡಗಿದ ಮಕ್ಕಳು, ಹುಡುಕಿ ಬಂದ ಬೇಟೆ ಡೈನೋಸಾರ್‌ಗಳಾದ ರ‍್ಯಾಪ್ಟರ್‌ಗಳು, ತಮ್ಮನ ಕಡೆಯಿಂದ ಅವುಗಳ ಗಮನ ಸೆಳೆಯಲು ಅಕ್ಕ ಸೌಟಿನಿಂದ ನೆಲ ಬಡಿಯುವುದು. ಇಂಗ್ಲಿಷ್ ಒಂದಕ್ಷರವೂ ಬೇಕಾಗಲಿಲ್ಲ. "ಜಾಣೆ" ಎಂದರು, ಪಾತ್ರದ ಬಗ್ಗೆ ಹೇಳಿದರೋ ಸೌಟಿನ ಬಗ್ಗೆಯೋ ತಿಳಿಯದು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತು '65' ಕಡೆಗೂ ಇದೆ. ಮಿಲ್ಸ್‌ಗೆ ಕೋವಾಳ ಭಾಷೆ ಬರುವುದಿಲ್ಲ, ಅವಳಿಗೆ ಅವನದು ಬರುವುದಿಲ್ಲ. ಅವಳನ್ನು ನಡೆಸಲು ಅವನು, ನಿನ್ನ ಮನೆಯವರು ಬೆಟ್ಟದ ಮೇಲಿದ್ದಾರೆ ಎಂದು ಸುಳ್ಳು ಹೇಳುತ್ತಾನೆ. ಹರಕು ಮುರುಕು ಪದಗಳಲ್ಲಿ ಕಟ್ಟಿದ ಆ ಸುಳ್ಳು ಇಡೀ ಸಿನಿಮಾದ ಯಾವ ಕೋರೆಹಲ್ಲಿಗಿಂತಲೂ ಹೆಚ್ಚು ಚುಚ್ಚುತ್ತದೆ. ಅಷ್ಟನ್ನೇ ನೆಚ್ಚಿ ಹೊರಟಿದ್ದರೆ ನಾನು ಈ ಬರಹವನ್ನು ತಿರುಗಿಸಿ ಬರೆಯುತ್ತಿದ್ದೆನೋ ಏನೋ.

ಮೂರನೆಯದು, 2025ರ 'ಜುರಾಸಿಕ್ ವರ್ಲ್ಡ್ ರೀಬರ್ತ್'. ಚಿತ್ರಮಂದಿರದಲ್ಲಿ ನೋಡಿದ್ದೆವು. ನದಿಯಲ್ಲಿ ರಬ್ಬರ್ ದೋಣಿಯನ್ನು ಟಿ. ರೆಕ್ಸ್ ಅಟ್ಟಿಸಿಕೊಂಡು ಬರುವ ದೃಶ್ಯಕ್ಕೆ ಟಿಕೆಟ್ ಹಣ ಸಂದಿತು. ಹಗಲಿನ ದೃಶ್ಯ, ಎಲ್ಲವೂ ಕಾಣುತ್ತದೆ. ಕೊನೆಗೆ ಪ್ರಯೋಗಾಲಯದಲ್ಲಿ ಕೆಟ್ಟುಹೋದ ಆರು ಕೈಕಾಲಿನ ಪ್ರಾಣಿ ಬಂದಾಗ ಮಾತ್ರ, ಅರವತ್ತು ಡೈನೋಸಾರ್‌ಗಳ ಹೆಸರು ಬಾಯಿಪಾಠ ಮಾಡಿರುವ ನನ್ನ ಮಗಳು ಇದು ಮೋಸ ಎಂದು ಗಟ್ಟಿಯಾಗಿಯೇ ಹೇಳಿದಳು. ಹಿಂದಿನ ಸಾಲಿನವರು ನಕ್ಕರು.

ವಿಜ್ಞಾನದ ಲೆಕ್ಕದಲ್ಲಿ 'ಜುರಾಸಿಕ್ ಪಾರ್ಕ್', '65' ಎರಡೂ ತಪ್ಪಿತಸ್ಥರೇ. ಹಳೆಯದರ ರ‍್ಯಾಪ್ಟರ್ ಆಳುದ್ದ ಇದೆ, ನಿಜವಾದ ವೆಲಾಸಿರ‍್ಯಾಪ್ಟರ್ ಟರ್ಕಿ ಕೋಳಿಯಷ್ಟು, ಮೈಮೇಲೆ ಗರಿ ಬೇರೆ. ಟಿ. ರೆಕ್ಸ್ ಜುರಾಸಿಕ್ ಕಾಲದ್ದೇ ಅಲ್ಲ. '65'ರ ಶೀರ್ಷಿಕೆ 6.5 ಕೋಟಿ ವರ್ಷ ಎನ್ನುತ್ತದೆ, ಕ್ಷುದ್ರಗ್ರಹ ಬಿದ್ದದ್ದು 6.6 ಕೋಟಿ ವರ್ಷಗಳ ಹಿಂದೆ ಎಂಬುದು ಈಗಿನ ಲೆಕ್ಕ. ಆ ಪೆಟ್ಟಿನ ಗುಂಡಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿದೆ. "ಆಗ ನಮ್ಮ ಊರು ಎಲ್ಲಿತ್ತು?" ಎಂದು ಮಗಳು ಕೇಳಿದ್ದು '65' ಕೊಟ್ಟ ಒಂದೇ ಲಾಭ. ಭಾರತ ಆಗ ಸಮುದ್ರದ ನಡುವಿನ ದ್ವೀಪ, ಹಿಂದೂ ಮಹಾಸಾಗರದಲ್ಲಿ ಇಂದಿನ ರಿಯೂನಿಯನ್ ದ್ವೀಪದ ಸುತ್ತಮುತ್ತಲಿನ ನೀರಿನಲ್ಲಿ ಉತ್ತರಕ್ಕೆ ಸರಿಯುತ್ತಿತ್ತು. ಮೇಲೆ ಲಾವಾ ಹರಿಯುತ್ತಿತ್ತು. ಗೋಲಗುಮ್ಮಟ ಕಟ್ಟಿದ ಕಪ್ಪು ಕಲ್ಲು, ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಎರಡೂ ಆ ಲಾವಾ ಆರಿ ಆದದ್ದೇ. ಅಂದಿನಿಂದ ಅವಳು ಆ ಕಲ್ಲಿನ ಮೇಲೆ ಸೋಪು ಹಚ್ಚಲು ಬಿಡುತ್ತಿಲ್ಲ.

ನಿಮ್ಮ ಮನೆಯಲ್ಲಿ ದೊಡ್ಡ, ಹೊಳೆಯುವ ಟಿವಿ ಇದ್ದು, ರಾತ್ರಿ ಹತ್ತರ ಮೇಲೆ ಒಬ್ಬರೇ ಕೂರುವ ಅಭ್ಯಾಸವಿದ್ದರೆ '65' ನೋಡಬಹುದು, ಒಂದೇ ಏಟಿಗೆ ಮುಗಿಸಿ. ನನ್ನ ಹಾಗೆ ಎಂಟು ವರ್ಷದ ಹಳೆಯ ಟಿವಿ, ಹಗಲಿನ ಬಿಡುವು, ನಡುವೆ ಹಾಲಿನವನು, ಕುಕ್ಕರ್ ಸೀಟಿ, ಬೀಗರು ಇದ್ದರೆ ಹಳೆಯ ತಟ್ಟೆಯೇ ಸರಿ. ಎಷ್ಟು ಸಲ ನಿಲ್ಲಿಸಿದರೂ ಅದು ಗಂಟೆ ಎಣಿಸುವುದಿಲ್ಲ. ನಮ್ಮ ಪ್ಲೇಯರ್‌ಗೆ ವಯಸ್ಸಾಗಿ ತಟ್ಟೆಯನ್ನು ಹೊರಗೆ ಬಿಡಲು ತಕರಾರು ಮಾಡುತ್ತದೆ, ಪಿನ್ ಚುಚ್ಚಿ ತೆಗೆಯಬೇಕು. ಈಗ ಒಳಗೆ ಸಿಕ್ಕಿಕೊಂಡಿರುವುದು ಟಿ. ರೆಕ್ಸ್. ಪಿನ್ ಹುಡುಕಲು ಯಾರಿಗೂ ಅವಸರವಿಲ್ಲ.