ಬ್ಲ್ಯಾಕ್ ಸಬ್ಬತ್: ಆಜಿಯಿಂದ ಶುರು ಮಾಡಬೇಕಾ, ಡಿಯೋಯಿಂದಲಾ?

ಇಂಗ್ಲೆಂಡಿನ ಹೆವಿ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಬ್ಯಾಂಡ್ ಬ್ಲ್ಯಾಕ್ ಸಬ್ಬತ್ ಕೇಳಲು ಹೊರಟವರು ಮೊದಲು ತಡವರಿಸುವುದು ಇಲ್ಲೇ. ಆಜಿ ಆಸ್ಬೋರ್ನ್ ಹಾಡಿದ್ದು ಕೇಳಬೇಕಾ, ರಾನಿ ಜೇಮ್ಸ್ ಡಿಯೋ ಹಾಡಿದ್ದಾ?

ನನ್ನ ಪ್ರಕಾರ ಆಜಿ ಕಾಲವೇ ಮೊದಲು. 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬ್ಯಾಂಡ್ ಇದು. ಗಿಟಾರಿಸ್ಟ್ ಟೋನಿ ಐಯೋಮಿ 17ನೇ ವಯಸ್ಸಿಗೇ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡಿದ್ದರು. ಅವರು ಎಡಚರು, ಅಂದರೆ ತಂತಿ ಒತ್ತಬೇಕಾದ ಕೈಯೇ ಅದು! ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, 1971ರ ಆಲ್ಬಮ್ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಸೆಮಿಟೋನ್ (ಅರ್ಧ ಸ್ವರ) ಇಳಿಸಿದರು. ಮುಂದೆ ಎಷ್ಟೋ ಮೆಟಲ್ ಬ್ಯಾಂಡ್‌ಗಳು ಹಿಡಿದದ್ದು ಇದೇ ದಾರಿ. ಆಜಿ ದನಿಯಲ್ಲಿ ಕಸರತ್ತು ಜಾಸ್ತಿ ಇಲ್ಲ. ಎಷ್ಟೋ ಕಡೆ ಗಿಟಾರ್ ಹೋದ ದಾರಿಯಲ್ಲೇ ಹೋಗುತ್ತದೆ, ಆದರೆ ಆ ದನಿಯೊಳಗಿನ ಭಯ ನಿಜ ಅನಿಸುತ್ತದೆ, ಅಲ್ವಾ?

1979ರಲ್ಲಿ ಆಜಿಯನ್ನು ತೆಗೆದರು, ಡಿಯೋ ಬಂದರು. 1980ರ 'ಹೆವನ್ ಅಂಡ್ ಹೆಲ್' ಕೇಳಿದರೆ ಬೇರೆ ಬ್ಯಾಂಡೇ ಅನಿಸುತ್ತದೆ. ಇಲ್ಲಿ ದನಿ ಗಿಟಾರಿನ ಮೇಲೇರಿ ಹಾರುತ್ತದೆ, ವೇಗವೂ ಹೆಚ್ಚು. ನಿಮಗೆ ಹಾಡುಗಾರಿಕೆಯೇ ಮುಖ್ಯವಾದರೆ, ಸುಮ್ನೆ ಯೋಚಿಸಬೇಡಿ, ಇಲ್ಲಿಂದಲೇ ಶುರು ಮಾಡಿ. 1982ರಲ್ಲಿ ಅವರೂ ಹೊರಟರು, ಆಮೇಲೆ ಮರಳಿ ಬಂದು 1992ರಲ್ಲಿ ಇನ್ನೊಂದು ಆಲ್ಬಮ್ ಮಾಡಿದರು.

ಭಾರ, ನಿಧಾನ, ಕತ್ತಲು ಬೇಕೆಂದರೆ 1970ರ ಮೊದಲ ಆಲ್ಬಮ್ ಹಾಕಿ. ಮಳೆ, ಗಂಟೆ, ಆಮೇಲೆ ಮೂರೇ ಸ್ವರದ ಗಿಟಾರ್. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.