ಕಂಬಳಿಯ ಆ ಕಡೆ, ಈ ಕಡೆ: 'ಇಟ್ ಹ್ಯಾಪನ್ಡ್ ಒನ್ ನೈಟ್' ಬ್ಲೂ-ರೇ

ಹಳೆಯ ಹಾಲಿವುಡ್‌ನ ಸ್ಕ್ರೂಬಾಲ್ ಕಾಮಿಡಿಗಳಲ್ಲಿ (ಗಂಡು-ಹೆಣ್ಣು ಚುರುಕು ಮಾತಿನಲ್ಲಿ ಜಗಳ ಆಡುತ್ತಲೇ ಪ್ರೀತಿಗೆ ಬೀಳುವ ತಮಾಷೆ ಚಿತ್ರಗಳು) ಒಂದೇ ಒಂದು ಡಿಸ್ಕ್ ಕೊಳ್ಳುತ್ತೀರಿ ಅಂತಾದರೆ ಇದನ್ನೇ ಕೊಳ್ಳಿ. ಹಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕಂಪನಿ ಕ್ರೈಟೀರಿಯನ್‌ನವರು 2014ರಲ್ಲಿ ತಂದ ಬ್ಲೂ-ರೇ. ಸಿನಿಮಾ 1934ರದು, ಕಪ್ಪು-ಬಿಳುಪು, 105 ನಿಮಿಷ, ನಿರ್ದೇಶನ ಫ್ರಾಂಕ್ ಕಾಪ್ರಾ.

ಕಥೆ ನಿಮಗೆ ಆಗಲೇ ಗೊತ್ತಿರುತ್ತದೆ. ಸಿರಿವಂತರ ಮಗಳು ಅಪ್ಪನ ಮೇಲೆ ಸಿಟ್ಟಾಗಿ ಮನೆ ಬಿಟ್ಟು ಓಡುತ್ತಾಳೆ, ಬಸ್ಸಿನಲ್ಲಿ ಕೆಲಸ ಕಳೆದುಕೊಂಡ ಪತ್ರಕರ್ತ ಸಿಗುತ್ತಾನೆ, ಮಯಾಮಿಯಿಂದ ನ್ಯೂಯಾರ್ಕಿನವರೆಗೆ ಇಬ್ಬರೂ ಜಗಳ ಆಡುತ್ತಾ ಹೋಗುತ್ತಾರೆ. ರಾಜ್ ಕಪೂರ್-ನರ್ಗಿಸ್ ಜೋಡಿಯ 'ಚೋರಿ ಚೋರಿ', ಆಮೇಲೆ ಆಮಿರ್ ಖಾನ್‌ನ 'ದಿಲ್ ಹೈ ಕಿ ಮಾನ್‌ತಾ ನಹೀಂ', ಕನ್ನಡದಲ್ಲಿ 2007ರಲ್ಲಿ ಗಣೇಶ್ ಮಾಡಿದ 'ಹುಡುಗಾಟ', ಎಲ್ಲದರ ಬೇರು ಇಲ್ಲೇ ಇರೋದು. ಆದರೂ ಮೂಲ ನೋಡಲೇಬೇಕು. ಕಥೆ ಒಂದೇ, ಹದ ಬೇರೆ.

ಆ ಹದ ಬಂದಿರೋದು ದುಡ್ಡಿನಿಂದ ಅಂತ ನನಗೆ ಬಲವಾಗಿ ಅನಿಸುತ್ತದೆ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತದ ಕಾಲ. ಈ ಸಿನಿಮಾದಲ್ಲಿ ಎಲ್ಲರೂ ಚಿಲ್ಲರೆ ಎಣಿಸುತ್ತಾ ಇರುತ್ತಾರೆ. ಬಸ್ಸಿನಲ್ಲಿ ಹುಡುಗಿ ಒಂದು ಡಬ್ಬಿ ಚಾಕ್ಲೇಟ್ ಕೊಳ್ಳೋಕೆ ಹೋದರೆ ಅವನು ಬೇಡ ಅಂತ ತಡೆಯುತ್ತಾನೆ, ಅವಳಿಗೆ ಉರಿಯುತ್ತದೆ. ಮೊದಲು ನನಗೂ ಅವನ ಮೇಲೆ ಕೋಪ ಬರುತ್ತದೆ, ಆಮೇಲೆ ಅದೇ ಬಸ್ಸಿನಲ್ಲಿ ಹಸಿವಿನಿಂದ ಒಬ್ಬ ತಾಯಿ ಎಚ್ಚರ ತಪ್ಪಿ ಬೀಳುತ್ತಾಳೆ, ಪಕ್ಕದಲ್ಲಿ ಅವಳ ಪುಟ್ಟ ಮಗ ಅಳುತ್ತಾ ನಿಂತಿರುತ್ತಾನೆ, ಆಗ ಇವರ ಹತ್ತಿರ ಉಳಿದಿದ್ದ ದುಡ್ಡು ಆ ಹುಡುಗನ ಕೈಗೆ ಹೋಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಬಸ್ಸಿನ ಜನ ಎಲ್ಲ ಸೇರಿ ಹಾಡು ಹೇಳುತ್ತಾ ಕುಣಿದಾಡುತ್ತಿದ್ದರು. ನಗುವಿನ ಬೆನ್ನಿಗೇ ಹಸಿವು. ಹೊಟ್ಟೆಗಿಲ್ಲದ ಮೇಲೆ ಇವರು ಹೊಲದಿಂದ ಕಿತ್ತ ಹಸಿ ಕ್ಯಾರೆಟ್ ಅಗಿಯೋದು ತಮಾಷೆಯಾಗಿ ಮಾತ್ರ ಕಾಣೋದಿಲ್ಲ. ಪತ್ರಕರ್ತನ ಪಾತ್ರದ ಕ್ಲಾರ್ಕ್ ಗೇಬಲ್ ಅವಳಿಗೆ ಡೋನಟ್ ಅನ್ನು ಕಾಫಿಯಲ್ಲಿ ಎಷ್ಟು ಹೊತ್ತು ಅದ್ದಬೇಕು ಅಂತ ಪಾಠ ಮಾಡುವ ದೃಶ್ಯದಲ್ಲೂ ಇದೇ ಇದೆ. ಬಡವರ ತಿಂಡಿ ತಿನ್ನೋದು ಹೇಗೆ ಅಂತ ಶ್ರೀಮಂತರ ಮಗಳಿಗೆ ಹೇಳಿಕೊಡುತ್ತಾನೆ, ಅವಳು ಖುಷಿಯಿಂದ ಕಲಿಯುತ್ತಾಳೆ.

ಮತ್ತೆ ಆ ಕಂಬಳಿ. ರಾತ್ರಿ ತಂಗಲು ಒಂದೇ ಕೋಣೆ, ಎರಡು ಮಂಚ. ನಡುವೆ ಹಗ್ಗ ಕಟ್ಟಿ ಕಂಬಳಿ ತೂಗುಹಾಕಿ, ಅದಕ್ಕೆ ಬೈಬಲಿನ ಜೆರಿಕೋ ಕೋಟೆಯ ಗೋಡೆ ಅಂತ ಹೆಸರಿಡುತ್ತಾನೆ. ಹಾಲಿವುಡ್‌ನಲ್ಲಿ ಸೆನ್ಸಾರ್ ನಿಯಮ ಬಿಗಿಯಾಗಿದ್ದು 1934ರ ಮಧ್ಯದಲ್ಲಿ, ಈ ಚಿತ್ರ ಬಂದಿದ್ದು ಅದಕ್ಕೂ ಮೊದಲೇ. ಅಂದರೆ ಯಾರ ಹೆದರಿಕೆಗೂ ಹಾಕಿದ ಕಂಬಳಿ ಅಲ್ಲ. ಮುಟ್ಟದೆ, ಬರೀ ಮಾತಿನಲ್ಲಿ, ಮಳೆಯ ಸದ್ದಿನಲ್ಲಿ ಇಷ್ಟು ಆಸೆ ತುಂಬಬಹುದು ಅನ್ನೋದನ್ನ ಇವತ್ತಿನ ಎಷ್ಟು ಪ್ರೇಮಚಿತ್ರಗಳು ಮಾಡುತ್ತವೆ ಹೇಳಿ?

ಹುಡುಗಿ ಸುಮ್ನೆ ಪಾಠ ಕೇಳುವವಳೂ ಅಲ್ಲ. ಹುಡುಕಿಕೊಂಡು ಬಂದ ಪತ್ತೇದಾರರ ಮುಂದೆ ಇಬ್ಬರೂ ಗಂಡ-ಹೆಂಡತಿ ಥರ ಕಿತ್ತಾಡುವಾಗ ಹುಡುಗಿಯ ಪಾತ್ರದ ಕ್ಲಾಡೆಟ್ ಕೋಲ್ಬರ್ಟ್ ಎಷ್ಟು ಚುರುಕಾಗಿ ಅವನ ಆಟಕ್ಕೆ ಸೇರಿಕೊಳ್ಳುತ್ತಾರೆ ನೋಡಿ. ರಸ್ತೆ ಬದಿಯಲ್ಲಿ ಲಿಫ್ಟ್ ಕೇಳೋ ಕಲೆಯನ್ನ ಅವನು ದೊಡ್ಡದಾಗಿ ವಿವರಿಸುತ್ತಾನೆ, ಒಂದು ಕಾರೂ ನಿಲ್ಲೋದಿಲ್ಲ. ಅವಳು ಸ್ಕರ್ಟ್ ಸ್ವಲ್ಪ ಮೇಲೆತ್ತುತ್ತಾಳೆ, ಮೊದಲ ಕಾರೇ ನಿಲ್ಲುತ್ತದೆ. ಒಬ್ಬರಿಗೊಬ್ಬರು ಸರಿಸಮ, ಅದಕ್ಕೇ ಜಗಳ ನೋಡೋಕೆ ಚೆಂದ.

ಕೊರತೆ ಇಲ್ಲದೆ ಇಲ್ಲ. ಇಂಥ ಹುಡುಗಿಗೆ ದಿನಕ್ಕೊಂದು ಏಟು ಕೊಡೋನು ಬೇಕು ಅನ್ನೋ ಅರ್ಥದ ಮಾತು ನಾಯಕನ ಬಾಯಲ್ಲಿ ಬರುತ್ತದೆ. ಆ ಕಾಲವೇ ಹಾಗಿತ್ತು ಅಂತ ಹೇಳಿ ದಾಟಿಸೋಕೆ ನನಗೆ ಮನಸ್ಸಿಲ್ಲ, ಕೆಟ್ಟ ಮಾತು ಅಷ್ಟೇ. ಕೊನೆಯ ಅರ್ಧ ಗಂಟೆಯ ತಪ್ಪು ತಿಳುವಳಿಕೆಯೂ ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ. ಆದರೆ ಅಲ್ಲೇ ನನಗೆ ತುಂಬಾ ಇಷ್ಟದ ದೃಶ್ಯ ಇದೆ. ಮಗಳನ್ನು ಹುಡುಕಿಕೊಟ್ಟವರಿಗೆ ಅಪ್ಪ ಘೋಷಿಸಿದ ಬಹುಮಾನ 10,000 ಡಾಲರ್. ಇವನು ಬಂದು ಕೇಳೋದು 39 ಡಾಲರ್ 60 ಸೆಂಟ್, ದಾರಿಯಲ್ಲಿ ಪೆಟ್ರೋಲಿಗೆ ಹೋಗಿದ್ದು, ಕೋಟು, ಹ್ಯಾಟು ಹೋಗಿದ್ದು, ಅಷ್ಟರದೇ ಲೆಕ್ಕ. ಅಪ್ಪನಿಗೆ ಅಳಿಯ ಯಾರು ಅಂತ ಆ ಕ್ಷಣ ಗೊತ್ತಾಗಿಬಿಡುತ್ತದೆ.

ಡಿಸ್ಕ್ ವಿಷಯ. 4ಕೆ ರಿಸ್ಟೋರೇಷನ್ (ಹಳೆಯ ಪ್ರತಿಯನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸರಿಪಡಿಸಿದ್ದು) ಬಹಳ ಚೆನ್ನಾಗಿದೆ, ಛಾಯಾಗ್ರಾಹಕ ಜೋಸೆಫ್ ವಾಕರ್ ತೆಗೆದ, ಇಬ್ಬರೂ ಹುಲ್ಲಿನ ರಾಶಿಯಲ್ಲಿ ಕಳೆಯುವ ಆ ರಾತ್ರಿಯನ್ನ ಇಷ್ಟು ಸ್ವಚ್ಛವಾಗಿ ನೋಡಿದ ಮೇಲೆ ಯೂಟ್ಯೂಬಿನ ಮಸುಕು ಪ್ರತಿ ನೋಡೋಕೆ ಆಗೋದಿಲ್ಲ. ಧ್ವನಿ ಮೊನೊ. ಜೊತೆಗೆ ಕಾಪ್ರಾ ಬಗ್ಗೆ 1997ರ ಸಾಕ್ಷ್ಯಚಿತ್ರವೂ ಇದೆ, ಅವರು ಮಾಡಿದ ಮೊದಲ ಕಿರುಚಿತ್ರವೂ ಇದೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ. ಒಂದು ಎಚ್ಚರ: ಬ್ಲೂ-ರೇ ಡಿಸ್ಕು, ಪ್ಲೇಯರುಗಳಿಗೆ ದೇಶದ ಪ್ರಕಾರ ರೀಜನ್ ಅಂತ ವಿಭಾಗ ಇರುತ್ತದೆ; ಅಮೆರಿಕದ ಡಿಸ್ಕ್ ರೀಜನ್ ಎ, ಭಾರತ ರೀಜನ್ ಸಿ. ನಿಮ್ಮ ಪ್ಲೇಯರ್ ರೀಜನ್ ಎ ಓಡಿಸುತ್ತದಾ ಅಂತ ನೋಡಿಕೊಂಡೇ ದುಡ್ಡು ಹಾಕಿ.

ಇದು ಹಿಡಿಸಿದರೆ ಮುಂದೆ ಹೋವರ್ಡ್ ಹಾಕ್ಸ್‌ನ 1940ರ 'ಹಿಸ್ ಗರ್ಲ್ ಫ್ರೈಡೇ' ನೋಡಿ. ಅಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತಾ ಇರುತ್ತದೆ, ಸಬ್‌ಟೈಟಲ್ ಹಾಕಿಕೊಂಡೇ ಕೂತುಕೊಳ್ಳಿ.